ಕ್ರುಸೇಡರ್ ಕಿಂಗ್ಸ್ 3: ದಾಯಾದಿ ಕಲಹಕ್ಕೆ ಪೂರ್ಣ ಅಂಕ, ಪೋಪರಿಗೆ ಪಾಸ್ ಮಾರ್ಕು

ಸಿಸಿಲಿಯ ದೊರೆ ಎರಡನೇ ವಿಲಿಯಂ 1189ರಲ್ಲಿ ಮಕ್ಕಳಿಲ್ಲದೆ ಸತ್ತ. ಅದಕ್ಕೆ ಮೂರು ವರ್ಷ ಮೊದಲೇ ಅವನ ಸೋದರತ್ತೆ ಕಾನ್‌ಸ್ಟೆನ್ಸ್, ಜರ್ಮನ್ ಸಾಮ್ರಾಟನ ಮಗ ಹೆನ್ರಿಯ ಕೈ ಹಿಡಿದಿದ್ದಳು. ಆ ಒಂದು ಮದುವೆಯ ನೆಪದಲ್ಲಿ ಸಿಸಿಲಿ ಜರ್ಮನ್ ಸಾಮ್ರಾಟರ ಮನೆತನದ ಪಾಲಾಯಿತು. ರೋಮಿನ ಉತ್ತರಕ್ಕೂ ದಕ್ಷಿಣಕ್ಕೂ ಒಂದೇ ವಂಶ ಬಂದು ಕುಳಿತಾಗ ಪೋಪರಿಗೆ ಉಸಿರುಕಟ್ಟಿತು. ಆಗ ಹತ್ತಿದ ಜಗಳ, 1268ರಲ್ಲಿ ಅದೇ ವಂಶದ ಹದಿನಾರರ ಹುಡುಗ ಕಾನ್ರಾಡಿನ್‌ನ ತಲೆ ನೇಪಲ್ಸ್‌ನಲ್ಲಿ ಉರುಳುವವರೆಗೂ ಆರಲಿಲ್ಲ.

ವಿಲಿಯಂಗೆ ಒಬ್ಬ ಮಗ ಹುಟ್ಟಿದ್ದರೆ? ಇಂಥ ಪ್ರಶ್ನೆಗಳ ಗೀಳಿರುವವರಿಗೆಂದೇ ಮಾಡಿದ ಕಂಪ್ಯೂಟರ್ ಆಟ ಇದು. 2020ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಅಂದಿನಿಂದಲೂ ಬಿಟ್ಟು ಬಿಟ್ಟು ಆಡುತ್ತಲೇ ಇದ್ದೇನೆ. 867ರಿಂದಲೋ 1066ರಿಂದಲೋ ಶುರುಮಾಡಬಹುದಿತ್ತು. 2024ರಲ್ಲಿ ‘ರೋಡ್ಸ್ ಟು ಪವರ್’ ಎಂಬ ಕಂತಿನ (ಬೇರೆಯಾಗಿ ಕೊಳ್ಳಬೇಕಾದ ಹೆಚ್ಚುವರಿ ಭಾಗ) ಜೊತೆಯಲ್ಲಿ 1178 ಕೂಡ ಸೇರಿಕೊಂಡಿತು. ಎಲ್ಲಿಂದ ಹೊರಟರೂ ಆಟ ಮುಗಿಯುವುದು 1453ಕ್ಕೆ. ನೀವು ಆಡುವುದು ದೇಶವನ್ನಲ್ಲ, ವಂಶವನ್ನು. ರಾಜ ಸತ್ತರೆ ಮರುಕ್ಷಣವೇ ನೀವು ಅವನ ವಾರಸುದಾರ. ವಂಶದಲ್ಲಿ ಯಾರೂ ಉಳಿಯದಿದ್ದರೆ ಆಟ ಅಲ್ಲಿಗೇ ಸಮಾಪ್ತಿ.

ಸಿಸಿಲಿಯ ವಿಷಯಕ್ಕೇ ಬರುತ್ತೇನೆ. 1178ರಲ್ಲಿ ವಿಲಿಯಂನಾಗಿ ಕುಳಿತು ಮೊದಲು ಮಾಡಿದ ಕೆಲಸ, ಕಾನ್‌ಸ್ಟೆನ್ಸ್‌ಳನ್ನು ಜರ್ಮನಿಯ ಕಡೆಗೆ ಸುಳಿಯಲೂ ಬಿಡದೆ ಒಬ್ಬ ಸಣ್ಣ ಪಾಳೆಯಗಾರನಿಗೆ ಧಾರೆಯೆರೆದದ್ದು. ಚರಿತ್ರೆಯಲ್ಲಿ ವಿಲಿಯಂನ ರಾಣಿ ಜೋನ್, ಇಂಗ್ಲೆಂಡಿನ ಎರಡನೇ ಹೆನ್ರಿಯ ಮಗಳು. ನನ್ನ ಆಟದಲ್ಲಿ ಅವಳಿಗೆ ಇಬ್ಬರು ಗಂಡುಮಕ್ಕಳಾದರು. ಗೆದ್ದೆನೆಂದು ಬೀಗುವಷ್ಟರಲ್ಲಿ ಪಾಲುಪಟ್ಟಿಯ ಕಾನೂನು ಎದುರಿಗೆ ನಿಂತಿತು. ಆಟದ ಆರಂಭಿಕ ಶತಮಾನಗಳಲ್ಲಿ ಹಿರಿಯ ಮಗನಿಗೇ ಎಲ್ಲವೂ ಸಿಗುವುದಿಲ್ಲ, ತಮ್ಮಂದಿರಿಗೂ ಹಂಚಬೇಕು. ವಿಲಿಯಂ ಕಣ್ಣುಮುಚ್ಚಿದ್ದೇ ತಡ, ದಕ್ಷಿಣ ಇಟಲಿಯ ಪುಲಿಯಾ ಪ್ರಾಂತ್ಯ ಕಿರಿಯವನ ಪಾಲಾಗಿ ಹೋಯಿತು. ಹೊಸ ರಾಜ, ಅಂದರೆ ನಾನು, ಅಳುಕಿನ ಸ್ವಭಾವದವನು. ತಮ್ಮನ ಮೇಲೆ ದಂಡೆತ್ತಿ ಹೋದರೆ ಮನಸ್ಸಿನ ಒತ್ತಡ ಏರುತ್ತದೆ, ಹೋಗದಿದ್ದರೆ ಖಜಾನೆ ಬರಿದಾಗುತ್ತದೆ. ಅಂತೂ ತಮ್ಮನ ಒಂದು ಗುಟ್ಟನ್ನು ಪತ್ತೆಹಚ್ಚಿ, ಅದನ್ನೇ ಹಿಡಿದು ಅವನ ಬಾಯಿ ಮುಚ್ಚಿಸಿದೆ. ದಾಯಾದಿ ಮತ್ಸರವನ್ನು ಇಷ್ಟು ಹತ್ತಿರದಿಂದ ತೋರಿಸುವ ಆಟ ನನಗೆ ಇನ್ನೊಂದು ಸಿಕ್ಕಿಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಪೋಪ್ ಏನು ಮಾಡುತ್ತಿದ್ದರು? ಏನೂ ಇಲ್ಲ. ನನ್ನ ತಕರಾರಿರುವುದೇ ಇಲ್ಲಿ. 1059ರಲ್ಲಿ ಮೆಲ್ಫಿಯಲ್ಲಿ ಪೋಪ್ ಎರಡನೇ ನಿಕೋಲಸ್ ವಿಲಿಯಂನ ವಂಶದ ಹಿರಿಯ, ನಾರ್ಮನ್ ನಾಯಕ ರಾಬರ್ಟ್ ಗಿಸ್ಕಾರ್ಡ್‌ಗೆ ದಕ್ಷಿಣ ಇಟಲಿಯನ್ನು ಮಾನ್ಯಮಾಡಿ ಕೊಟ್ಟಂದಿನಿಂದ, ಆ ನೆಲ ತಮ್ಮ ಕೃಪೆಯ ಜಹಗೀರು ಎಂದೇ ರೋಮಿನವರ ವಾದ. ಅಲ್ಲಿ ಪಟ್ಟಕ್ಕೆ ಯಾರು ಬರುತ್ತಾರೆ ಎಂಬುದು ಪೋಪರಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು. ಇದೇ ಕಾನ್‌ಸ್ಟೆನ್ಸ್‌ಳ ಮಗ ಎರಡನೇ ಫ್ರೆಡರಿಕ್‌ನಿಗೆ 1227ರಲ್ಲಿ ಒಮ್ಮೆ, 1239ರಲ್ಲಿ ಮತ್ತೊಮ್ಮೆ ಚರ್ಚಿನಿಂದ ಬಹಿಷ್ಕಾರ ಬಿತ್ತು. 1245ರಲ್ಲಿ ಲಿಯೋನ್ ಸಭೆಯಲ್ಲಿ ಅವನನ್ನು ಪದಚ್ಯುತನೆಂದೇ ಘೋಷಿಸಿದರು. ಆಟದ ಪೋಪರಿಗೆ ಈ ಭಯವೂ ಇಲ್ಲ, ಹಟವೂ ಇಲ್ಲ. ಅವರು ಒಂದು ಎಟಿಎಂ: ಭಕ್ತಿಯ ಅಂಕಗಳನ್ನು ಜಮಾ ಮಾಡಿಕೊಂಡು ಹೋಗಿ ಕೇಳಿದರೆ ಹಣ ಕೊಡುತ್ತಾರೆ, ಪಕ್ಕದ ರಾಜ್ಯದ ಮೇಲೆ ಹಕ್ಕು ಬರೆದುಕೊಡುತ್ತಾರೆ, ಆಗದವರಿಗೆ ಬಹಿಷ್ಕಾರವನ್ನೂ ಹಾಕಿಸುತ್ತಾರೆ.

1066ರಲ್ಲಿ ಜರ್ಮನಿಯ ದೊರೆಯಾಗಿದ್ದ ನಾಲ್ಕನೇ ಹೆನ್ರಿಯನ್ನು ಆಡಿದಾಗ ಈ ಕೊರತೆ ಇನ್ನಷ್ಟು ಕಾಡಿತು. ಬಿಷಪ್‌ಗಳನ್ನು ನೇಮಿಸುವವರು ಯಾರು, ರಾಜನೋ ಪೋಪರೋ ಎಂಬ ವ್ಯಾಜ್ಯದಲ್ಲಿ ಅವನು 1077ರ ಚಳಿಗಾಲದಲ್ಲಿ ಇಟಲಿಯ ಕನೋಸಾ ಕೋಟೆಯ ಮುಂದೆ ಪೋಪರ ಕ್ಷಮೆಗಾಗಿ ಕಾದು ನಿಂತವನು. ಒಂದು ರಾಜಿ ಏರ್ಪಡಲು 1122ರ ವರ್ಮ್ಸ್ ಒಪ್ಪಂದದವರೆಗೆ ಕಾಯಬೇಕಾಯಿತು. ನಾನು ಆಡಿದ ಆವೃತ್ತಿಗಳಲ್ಲಿ ಆ ವ್ಯಾಜ್ಯದ ಕಾವು ಸಿಗಲಿಲ್ಲ. ಬಿಷಪ್‌ಗೆ ನಿಮ್ಮ ಮೇಲೆ ಒಳ್ಳೆಯ ಅಭಿಪ್ರಾಯವಿದ್ದರೆ ಚರ್ಚಿನ ಜಮೀನಿನ ತೆರಿಗೆಯೂ ಸೈನಿಕರೂ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಸ್ವಲ್ಪ ಓಲೈಸಿದರೆ ಮುಗಿಯಿತು. ಹಿಂದಿನ ಆಟ ಕ್ರುಸೇಡರ್ ಕಿಂಗ್ಸ್ 2ರಲ್ಲಿ ಬಿಷಪ್ ನೇಮಕದ ಹಕ್ಕಿಗೆ ಬೇರೆಯೇ ಕಾನೂನಿತ್ತು, ರಾಜರು ತಮ್ಮದೇ ಪ್ರತಿ-ಪೋಪನನ್ನು ನಿಲ್ಲಿಸಬಹುದಿತ್ತು. ಚಿತ್ರಗಳು ಮಂಕಾಗಿದ್ದರೂ ಆ ವಿಷಯದಲ್ಲಿ ಹಳೆಯದೇ ವಾಸಿ.

ಅಂದಹಾಗೆ, ನಕ್ಷೆಯಲ್ಲಿ ಭಾರತವೂ ಇದೆ. 1066ಕ್ಕೆ ಹೋದರೆ ಕಲ್ಯಾಣದ ಚಾಲುಕ್ಯರು ಸಿಗುತ್ತಾರೆ. ಹೆನ್ರಿಗೆ ಬಹಿಷ್ಕಾರ ಬಿದ್ದ 1076ರಲ್ಲೇ ಇಲ್ಲಿ ಆರನೇ ವಿಕ್ರಮಾದಿತ್ಯ ಅಣ್ಣ ಎರಡನೇ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟವೇರಿದ್ದ. ಅವನಿಗೆ ಯಾವ ಪೋಪರ ಕಾಟವೂ ಇರಲಿಲ್ಲವಾದ್ದರಿಂದ ಕಲ್ಯಾಣದ ಆಟದಲ್ಲಿ ಈ ಕೊರತೆ ಕಣ್ಣಿಗೆ ಬೀಳುವುದೇ ಇಲ್ಲ.

ಕೊಳ್ಳುವವರಿಗೆ ಎರಡು ಮಾತು. ಮೂಲ ಆಟವೇ ಬಹಳ ಕಾಲಕ್ಕೆ ಸಾಕು. ಕಂತುಗಳನ್ನೆಲ್ಲ ಒಟ್ಟಿಗೆ ಕೊಂಡರೆ ಜೇಬು ಖಾಲಿಯಾಗುತ್ತದೆ, ರಿಯಾಯಿತಿ ಬರುವವರೆಗೆ ಕಾಯಿರಿ. ಬೈಜಾಂಟಿಯಮ್ (ಪೂರ್ವ ರೋಮನ್ ಸಾಮ್ರಾಜ್ಯ) ಬಗ್ಗೆ ಆಸಕ್ತಿ ಇದ್ದರೆ ಮೊದಲು ‘ರೋಡ್ಸ್ ಟು ಪವರ್’ ತೆಗೆದುಕೊಳ್ಳಿ. ಓದು ವಿಪರೀತ, ಅದೂ ಇಂಗ್ಲಿಷಿನಲ್ಲಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಹದಿಮೂರನೇ ಶತಮಾನ ದಾಟುತ್ತಿದ್ದಂತೆ ಆಟದ ದಿನಗಳು ತೆವಳತೊಡಗುತ್ತವೆ. ಹೊಸಬರು ಐರ್ಲೆಂಡಿನ ಒಬ್ಬ ಸಣ್ಣ ದೊರೆಯಿಂದ ಶುರುಮಾಡಲಿ. ಅಲ್ಲಿ ಸೋತರೂ ನಷ್ಟವಾಗುವುದು ಒಂದೆರಡು ಜಿಲ್ಲೆ ಮಾತ್ರ.