ನಾಲ್ಕು ಸೆನ್ಸರ್, ದಿನಕ್ಕೊಂದು ಸುಳ್ಳು ಅಲಾರಂ

ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಮಣ್ಣಿನ ತೇವ ನೋಡುವ ನಾಲ್ಕು ಸೆನ್ಸರ್ ತಂದು ಒಂದು ಬೇಸಿಗೆ ಕಳೆಯಿತು. ಕಂಪನಿ ಹೆಸರು ಬೇಡ. ಸೆನ್ಸರ್ ಗಟ್ಟಿಯಾಗಿದೆ. ನನ್ನ ತಕರಾರು ಆಪ್ ಮೇಲೆ.

ಮೊದಲ ವಾರದಿಂದಲೇ ದಿನಕ್ಕೊಂದು ಅಲಾರಂ. ಒಮ್ಮೆ 'ಒಣಗಿದೆ', ಇನ್ನೊಮ್ಮೆ 'ನೀರು ಜಾಸ್ತಿ'. ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದರೆ ಏನೂ ಇಲ್ಲ. "ನಮ್ಮನೆ ನಾಯಿನೇ ವಾಸಿ ಮಾರಾಯ, ಸುಮ್ನೆ ಬೊಗಳಲ್ಲ" ಅಂದರು ಅಪ್ಪಯ್ಯ.

ಕೂತು ಲೆಕ್ಕ ಹಾಕಿದೆ. ಮಣ್ಣು ಹಾಗೇ ಇದ್ದರೂ ಅಂಕಿ ಸ್ವಲ್ಪ ಕುಣಿಯುತ್ತದೆ, 30 ಇರಬೇಕಾದಲ್ಲಿ 29, 31, 28. ಆ ಕುಣಿತದ ಅಳತೆಗೆ ಸಿಗ್ಮಾ ಅನ್ನುತ್ತಾರೆ. ಸರಾಸರಿಯಿಂದ 3 ಸಿಗ್ಮಾ ದಾಟಿದ ಕೂಡಲೇ ಈ ಆಪ್ ಕೂಗುತ್ತದೆ. ಕುಣಿತ ಗಂಟೆಯ ಆಕಾರದಲ್ಲಿ (ಸರಾಸರಿಯ ಹತ್ತಿರ ಹೆಚ್ಚು, ದೂರ ಹೋದಷ್ಟೂ ಕಮ್ಮಿ) ಹರಡಿದ್ದರೆ, ಏನೂ ಆಗದಿದ್ದರೂ ಸುಮಾರು 370 ಅಂಕಿಗೆ ಒಂದು ಹಾಗೆ ಆಚೆ ಬೀಳುತ್ತದೆ. ಅಪರೂಪ ಅನ್ನಿಸುತ್ತದೆ ಅಲ್ವಾ? ಆದರೆ 15 ನಿಮಿಷಕ್ಕೊಂದು ಅಂಕಿ ಅಂದರೆ ದಿನಕ್ಕೆ 96, ನಾಲ್ಕು ಸೆನ್ಸರಿಗೆ 384. ದಿನಕ್ಕೊಂದು ಸುಳ್ಳು ಅಲಾರಂ ಬಾರದೆ ಇನ್ನೇನು!

ಫೋನ್ ಮಾಡಿದರೆ "ಸೆನ್ಸಿಟಿವಿಟಿ ಕಮ್ಮಿ ಮಾಡಿ ಸಾರ್" ಅಂದರು. ಮಾಡಿದೆ, ಸದ್ದು ನಿಂತಿತು. ಮಾರ್ಚ್‌ನಲ್ಲಿ ಕೆಳಗಿನ ಸಾಲಿನ ಡ್ರಿಪ್ಪರ್‌ಗಳಲ್ಲಿ ಕಸ ಕಟ್ಟಿಕೊಂಡು ಮಣ್ಣು ದಿನಾ ಇಷ್ಟಿಷ್ಟೇ ಒಣಗುತ್ತಾ ಬಂದರೂ ಆಪ್ ಉಸಿರೆತ್ತಲಿಲ್ಲ, ಯಾಕೆಂದರೆ ಅದು ಹೋಲಿಸುವುದು ನಿನ್ನೆಯ ಸರಾಸರಿಗೆ, ಮಣ್ಣಿನ ಜೊತೆ ಆ ಸರಾಸರಿಯೂ ಕೆಳಗಿಳಿಯುತ್ತಿತ್ತು. ಗೊತ್ತಾದದ್ದು ಸೋಗೆ ಬಾಡಿದ ಮೇಲೆ.

ಈಗ ನಾನೇ ಎಕ್ಸೆಲ್‌ನಲ್ಲಿ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ನೀರು ಬಿಡುವ ಮುಂಚಿನ ಒಂದು ಗಂಟೆಯ ನಾಲ್ಕು ಅಂಕಿಗಳ ಸರಾಸರಿ ತೆಗೆಯುತ್ತೇನೆ. ಒಂದಕ್ಕೊಂದು ಸಂಬಂಧವಿಲ್ಲದ ಕುಣಿತವಾದರೆ ಅಷ್ಟಕ್ಕೇ ಅರ್ಧಕ್ಕಿಳಿಯುತ್ತದೆ. ಆಮೇಲೆ ಕ್ಯೂಸಮ್. 1954ರಲ್ಲಿ ಇ. ಎಸ್. ಪೇಜ್ ಅನ್ನುವವರು ಕೊಟ್ಟ ಉಪಾಯ. ಮಾಮೂಲಿ 30ಕ್ಕಿಂತ ಇವತ್ತು ಎಷ್ಟು ಕಮ್ಮಿ ಅಂತ ನೋಡಿ, ಅದರಲ್ಲಿ ಮಾಮೂಲಿ ಕುಣಿತಕ್ಕೆ ಅಂತ 1 ಕಳೆದು, ದಿನಾ ಕೂಡಿಸುತ್ತಾ ಹೋಗುವುದು. ಮೊತ್ತ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ ಅಂತಲೇ ಹಿಡಿಯುವುದು. ಸುಮ್ಮನೆ ಕುಣಿಯುವ ಅಂಕಿ ಮತ್ತೆ ಮತ್ತೆ ಸೊನ್ನೆಗೆ ಬಂದು ಬೀಳುತ್ತದೆ, ನಿಜವಾಗಿ ಒಣಗುತ್ತಿದ್ದರೆ ಮೊತ್ತ ಏರುತ್ತಲೇ ಹೋಗುತ್ತದೆ. ಮಾರ್ಚ್‌ನ ಅಂಕಿಗಳನ್ನೇ ಹಾಕಿ ನೋಡಿದೆ, ಸೋಗೆ ಬಾಡುವ ಎಷ್ಟೋ ದಿನ ಮುಂಚೆಯೇ ಮೊತ್ತ ಏರತೊಡಗಿತ್ತು.

ಇಷ್ಟು ಲೆಕ್ಕ ಆಪ್ ಒಳಗೇ ಇಡಬಹುದಿತ್ತು. ತಗೊಳ್ಳುವವರು ಅಂಕಿಗಳನ್ನು ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದಾ ಅಂತ ಮೊದಲೇ ಕೇಳಿ. ಇದರಲ್ಲಿ ಬರುತ್ತದೆ, ಅದಕ್ಕೇ ವಾಪಸ್ ಕೊಡಲಿಲ್ಲ. ಮಳೆ ಹಿಡಿದಿದೆ, ನಾಲ್ಕೂ ಈಗ ಅಟ್ಟದ ಮೇಲಿವೆ.