ಕಿತ್ತಳೆಯೋ, ನಿಂಬೆಯೋ, ಹೇರಳೆಯೋ? ಮಾಗಿ ಚಳಿಯ ಕೇಕಿಗೆ ಯಾವುದು

ಡಿಸೆಂಬರ್ ಬಂದರೆ ಚಿಕ್ಕಬಳ್ಳಾಪುರದಲ್ಲಿ ಅವರೆಕಾಯಿ ರಾಶಿಯ ಪಕ್ಕದಲ್ಲೇ ನಾಗಪುರದ ಕಿತ್ತಳೆ ಗಾಡಿಯೂ ನಿಲ್ಲುತ್ತದೆ. ಅವರೆ ಕೊಳ್ಳುವವರು ಮೊದಲು ಕಾಯಿ ಮುಟ್ಟಿ ಬೆರಳು ಮೂಸಿ ನೋಡುತ್ತಾರೆ. ಸೊಗಡು ಇರುವುದು ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿ. ಕೇಕಿಗೆ ಹಣ್ಣು ಆರಿಸುವಾಗಲೂ ಅದೇ ಲೆಕ್ಕ. ಕಿತ್ತಳೆ, ನಿಂಬೆ ಜಾತಿಯ ಘಮವೆಲ್ಲ ಹೆಚ್ಚುಕಡಿಮೆ ಹೊರಸಿಪ್ಪೆಯ ಎಣ್ಣೆಯಲ್ಲಿದೆ. ರಸದಲ್ಲಿ ಸಿಗುವುದು ಹುಳಿ ಮತ್ತು ನೀರು. ಘಮ ಬರಲಿ ಅಂತ ರಸ ಜಾಸ್ತಿ ಸುರಿದರೆ ಕೇಕ್ ಅಂಟಂಟಾಗುತ್ತದೆ, ಘಮ ಮಾತ್ರ ಬರುವುದಿಲ್ಲ.

ಮೂರು ಹಣ್ಣಿಗೂ ಒಂದೇ ಅಳತೆ: 7 ಇಂಚಿನ ಟಿನ್‌ಗೆ ಮೈದಾ 150 ಗ್ರಾಂ, ಸಕ್ಕರೆ 150 ಗ್ರಾಂ, ಉಪ್ಪಿಲ್ಲದ ಬೆಣ್ಣೆ 120 ಗ್ರಾಂ, ಮೊಟ್ಟೆ 3, ಬೇಕಿಂಗ್ ಪೌಡರ್ ತಲೆ ತಟ್ಟಿದ 1 ಟೀ ಚಮಚ, ಉಪ್ಪು ಕಾಲು ಚಮಚ, ರಸ 40 ಮಿ.ಲೀ. ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಬೇಕಿಂಗ್ ಪೌಡರನ್ನು ಒಂದೂವರೆ ಚಮಚಕ್ಕೆ ಏರಿಸಿದರೆ ಕೇಕ್ ಗಡಿಬಿಡಿಯಲ್ಲಿ ಉಬ್ಬಿ ನಡುವೆ ಕುಸಿಯುತ್ತದೆ.

ಸಿಪ್ಪೆ ತುರಿದ ಮೇಲೆ ಅದನ್ನು ನೇರವಾಗಿ ಹಿಟ್ಟಿಗೆ ಹಾಕಬೇಡಿ. ಸಕ್ಕರೆಯ ಜೊತೆ ಬೆರಳ ತುದಿಯಲ್ಲಿ ಎರಡು ನಿಮಿಷ ತಿಕ್ಕಿ. ಸಕ್ಕರೆ ಹರಳು ಎಣ್ಣೆ ಚೀಲಗಳನ್ನು ಗೀರಿ ಒಡೆಯುತ್ತದೆ. ಸಕ್ಕರೆ ಒದ್ದೆ ಮರಳಿನಂತಾಗಿ ಬಣ್ಣ ತಿರುಗಿದಾಗ ಸಾಕು. ಇಡೀ ಕೆಲಸದಲ್ಲಿ ಘಮಕ್ಕೆ ಇದಕ್ಕಿಂತ ದೊಡ್ಡ ಉಪಾಯ ಇಲ್ಲ.

ನಾಗಪುರದ ಕಿತ್ತಳೆ ಅಗ್ಗ, ಸಿಹಿ, ಮಕ್ಕಳಿಗೆ ಇಷ್ಟ. ತೊಂದರೆ ಅದರ ಸಡಿಲ ಸಿಪ್ಪೆಯಲ್ಲಿದೆ. ಗ್ರೇಟರ್‌ಗೆ ಒತ್ತಿದರೆ ಸಿಪ್ಪೆ ಜಾರಿ ಹರಿಯುತ್ತದೆ, ಬಿಳಿ ಪದರವೂ ಕಿತ್ತುಕೊಂಡು ಬರುತ್ತದೆ. ಹಣ್ಣನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಸುಲಿಯುವ ಮೊದಲೇ ಸಣ್ಣ ಕಣ್ಣಿನಲ್ಲಿ ಹಗುರವಾಗಿ ತುರಿದರೆ ಸರಿಹೋಗುತ್ತದೆ. ಎರಡು ಹಣ್ಣಿನ ತುರಿ ಬೇಕು. ರಸದ ಹುಳಿ ಕಡಿಮೆ, 40 ಮಿ.ಲೀ. ಹಾಗೇ ಹಾಕಿದರೆ ಬರೀ ಸಕ್ಕರೆ ಕೇಕ್ ತಿಂದಂತಿರುತ್ತದೆ. 150 ಮಿ.ಲೀ. ರಸವನ್ನು ಸಣ್ಣ ಉರಿಯಲ್ಲಿ 40ಕ್ಕೆ ಇಳಿಸಿ, ಪೂರ್ತಿ ಆರಿಸಿ, ಒಂದು ಚಮಚ ನಿಂಬೆರಸ ಸೇರಿಸಿ. ದೊಡ್ಡ ಉರಿಯಲ್ಲಿ ಇಳಿಸಿದರೆ ಅಂಚಿನಲ್ಲಿ ಸೀದು ಕಹಿಯಾಗುತ್ತದೆ. ಕೊಡಗಿನ ಕಿತ್ತಳೆ ಸಿಕ್ಕರೆ ಅದೇ ಮೇಲು: ರಸದಲ್ಲಿ ಹುಳಿಯೂ ಇದೆ. ನೋಡಲು ಹಸಿರು-ಹಳದಿ, ಅದಕ್ಕೇ ಜನ ಕಾಯಿ ಅಂದುಕೊಂಡು ಬಿಟ್ಟುಹೋಗುತ್ತಾರೆ.

ನಿಂಬೆಯ ದಾರಿಯೇ ಬೇರೆ. ನಾಲ್ಕು ಹಣ್ಣಿನ ತುರಿ ಹಾಕಬೇಕು. ಸಿಪ್ಪೆ ತೆಳು, ಗ್ರೇಟರ್ ಮೇಲೆ ಒಂದೇ ಸಲ ಎಳೆದು ಹಣ್ಣು ತಿರುಗಿಸಬೇಕು. ಎರಡನೇ ಸಲ ಎಳೆದರೆ ಬಿಳಿ ಬಂತೆಂದೇ ಲೆಕ್ಕ. ರಸದ ಹುಳಿ ಕಿತ್ತಳೆಯ ಹಲವು ಪಟ್ಟು. 40 ಮಿ.ಲೀ.ಯನ್ನೂ ಹಿಟ್ಟಿಗೆ ಹಾಕಿದರೆ ಬೇಕಿಂಗ್ ಪೌಡರ್ ಬಟ್ಟಲಲ್ಲೇ ನೊರೆಯೆದ್ದು ಒಲೆಗೆ ಹೋಗುವ ಹೊತ್ತಿಗೆ ಸುಸ್ತಾಗಿರುತ್ತದೆ. ಅರ್ಧ ರಸ ಮಾತ್ರ ಹಿಟ್ಟಿಗೆ, ಕೊನೆಯಲ್ಲಿ, ಮೈದಾದ ಜೊತೆ. ಉಳಿದ 20 ಮಿ.ಲೀ.ಗೆ 40 ಗ್ರಾಂ ಸಕ್ಕರೆ ಕಲಸಿ, ಕೇಕ್ ಬಿಸಿಯಿರುವಾಗಲೇ ಕಡ್ಡಿಯಲ್ಲಿ ಚುಚ್ಚಿ ಮೇಲೆ ಸುರಿಯುವುದು. ಬೇಯದ ರಸದ ಚುರುಕು ಹಾಗೇ ಉಳಿಯುತ್ತದೆ. ಹುಳಿ ಹೆಚ್ಚಿರುವುದರಿಂದ ನಿಂಬೆ ಕೇಕ್ ಮೇಲೆ ಬೇಗ ಕೆಂಪಾಗುವುದಿಲ್ಲ. ಬಣ್ಣಕ್ಕೆ ಕಾದು ಕೂತರೆ ಒಳಗೆ ಒಣಗುತ್ತದೆ. ಕಡ್ಡಿ ಶುದ್ಧವಾಗಿ ಬಂದರೆ ತೆಗೆದುಬಿಡಿ.

ಹೇರಳೆಕಾಯಿ ಈ ಕಡೆ ಉಪ್ಪಿನಕಾಯಿಗೆ, ಚಿತ್ರಾನ್ನಕ್ಕೆ ಮೀಸಲು. ಕೇಕಿಗೂ ತರಬಹುದು, ಆದರೆ ಕೈ ಬಿಗಿಯಿರಲಿ. ಮೂರರಲ್ಲಿ ಇದರ ಘಮವೇ ಗಾಢ, ಒಂದು ಕಾಯಿಯ ಅರ್ಧ ಮೈ ತುರಿದರೆ ಸಾಕು. ಮೈ ಉಬ್ಬುತಗ್ಗು, ಹಾಗಾಗಿ ಉಬ್ಬಿನ ತುದಿ ಮಾತ್ರ ತುರಿಯಿರಿ. ತಗ್ಗಿಗೆ ಇಳಿದರೆ ಕಹಿ. ರಸವನ್ನೂ ಹಗುರವಾಗಿ ಹಿಂಡಿ, ಬೀಜ ಸೋಸಿ, ಕೂಡಲೇ ಬಳಸಿ. ಉಳಿದ ದಪ್ಪ ಸಿಪ್ಪೆಯನ್ನು ಮೂರು ಸಲ ನೀರು ಬದಲಿಸಿ ಕುದಿಸಿ, ಸಮತೂಕ ಸಕ್ಕರೆ ಪಾಕದಲ್ಲಿ ಪಾರದರ್ಶಕವಾಗುವವರೆಗೆ ಬೇಯಿಸಿ ಹೆಚ್ಚಿ ಹಾಕಿದರೆ, ಪರಂಗಿಕಾಯಿಯ ಟೂಟಿ ಫ್ರೂಟಿ ಮತ್ತೆ ಮನೆಗೆ ಬರುವುದಿಲ್ಲ.

ಮೂಸಂಬಿ ಬೇಡ. ಘಮ ಮಂದ, ಹುಳಿ ಇಲ್ಲ, ರಸ ಹಿಂಡಿಟ್ಟರೆ ಹೊತ್ತು ಕಳೆದಂತೆ ಕಹಿ. ದೇವನಹಳ್ಳಿ ಚಕ್ಕೋತ ಪಕ್ಕದಲ್ಲೇ ಸಿಗುತ್ತದೆ ಅಂತ ಆಸೆಪಡುವವರಿಗೂ ಅದೇ ಮಾತು: ತೊಳೆ ಬಿಡಿಸಿ ಉಪ್ಪುಕಾರ ಹಚ್ಚಿ ತಿನ್ನಿ, ಒಲೆಗಿಡಬೇಡಿ.

ಇನ್ನು ಚಳಿಯ ಕಾಟ. ಮಾಗಿಯ ಬೆಳಿಗ್ಗೆ ಅಡುಗೆಮನೆ ತಣ್ಣಗಿರುವಾಗ ಬೆಣ್ಣೆ ಕಲ್ಲಿನಂತಿರುತ್ತದೆ. ಸುಲಭ ಅಂತ ಕರಗಿಸಿದರೆ ಅದು ಗಾಳಿ ಹಿಡಿಯುವುದಿಲ್ಲ, ತಳದಲ್ಲಿ ಹಲ್ವದಂಥ ಪದರ ಕೂರುತ್ತದೆ. ಚಿಕ್ಕ ತುಂಡು ಮಾಡಿ, ಬಟ್ಟಲನ್ನು ಉಗುರುಬೆಚ್ಚಗಿನ ನೀರಿನ ಮೇಲೆ ಐದು ನಿಮಿಷ ಇಡಿ. ಬೆರಳೊತ್ತಿದರೆ ಗುಳಿ ಬೀಳಬೇಕು, ಜಿಡ್ಡು ಮಿನುಗಬಾರದು. ಮೊಟ್ಟೆಯನ್ನೂ ಹತ್ತು ನಿಮಿಷ ಬೆಚ್ಚನೆ ನೀರಿನಲ್ಲಿಡಿ. ತಣ್ಣನೆ ಮೊಟ್ಟೆ ಬಿದ್ದರೆ ಮಿಶ್ರಣ ಒಡೆದ ಹಾಲಿನಂತಾಗುತ್ತದೆ. ಒಂದು ಚಮಚ ಮೈದಾ ಹಾಕಿ ಕಡೆದರೆ ಕೂಡಿಕೊಳ್ಳುತ್ತದೆ. ಮನೆ ಬೆಣ್ಣೆಯಾದರೆ ತಣ್ಣೀರಿನಲ್ಲಿ ಮೂರು ಸಲ ತೊಳೆದು ಹಿಂಡಿ, ಇಲ್ಲದಿದ್ದರೆ ಅದರ ಮಜ್ಜಿಗೆ ವಾಸನೆ ಸಿಪ್ಪೆಯ ಘಮವನ್ನು ಮುಚ್ಚುತ್ತದೆ. ಬೆಣ್ಣೆಯ ಬದಲು ಸೂರ್ಯಕಾಂತಿ ಎಣ್ಣೆ 100 ಮಿ.ಲೀ. ಹಾಕಿದರೆ ರುಚಿ ಒಂದು ಕೈ ಕಡಿಮೆ, ಆದರೆ ಮರುದಿನ ಬೆಳಿಗ್ಗೆಯೂ ಕೇಕ್ ಮೆತ್ತಗಿರುತ್ತದೆ. ಬೆಣ್ಣೆ ಕೇಕ್ ಚಳಿಗೆ ಬಿಗಿದುಕೊಳ್ಳುತ್ತದೆ. ಕಡಲೆಕಾಯಿ ಎಣ್ಣೆ ಮಾತ್ರ ಬೇಡ, ಅದರದೇ ವಾಸನೆ.

ಓವನ್ನೋ ಕುಕ್ಕರೋ ಎಂಬುದನ್ನೂ ಹಣ್ಣೇ ತೀರ್ಮಾನಿಸುತ್ತದೆ. ಕಿತ್ತಳೆ ಕೇಕಿಗೆ ಮೇಲಿನ ಕಂದು ಹೊರಪದರ ಬೇಕು, ಅದು ಓವನ್ನಿನಲ್ಲೇ ಸಾಧ್ಯ: 15 ನಿಮಿಷ ಮುಂಚೆ ಕಾಯಿಸಿ, 170 ಡಿಗ್ರಿಯಲ್ಲಿ 38ರಿಂದ 42 ನಿಮಿಷ. ನಿಂಬೆ ಕೇಕಿಗೆ ಮೇಲೆ ಪಾಕ ಬೀಳುವುದರಿಂದ ಕುಕ್ಕರ್ ಧಾರಾಳ ಸಾಕು. ಗ್ಯಾಸ್ಕೆಟ್, ವೆಯ್ಟ್ ತೆಗೆದು, ತಳಕ್ಕೆ ಒಂದೂವರೆ ಬಟ್ಟಲು ಕಲ್ಲುಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಕಾಯಿಸಿ, ಸಣ್ಣ ಉರಿಯಲ್ಲಿ 45ರಿಂದ 50 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆರೆಯಬೇಡಿ. ತಣ್ಣನೆ ಗಾಳಿ ನುಗ್ಗಿದರೆ ನಡುವೆ ಕೂರುತ್ತದೆ. ತೆರೆದಾಗ ಮುಚ್ಚಳವನ್ನು ನೇರ ಪಕ್ಕಕ್ಕೆ ಎಳೆಯಿರಿ, ಮೇಲಕ್ಕೆತ್ತಿದರೆ ಹನಿ ಕೇಕಿನ ಮೇಲೇ ಬೀಳುತ್ತದೆ.

ಮೊಟ್ಟೆ ತಿನ್ನದವರು ಮೂರು ಮೊಟ್ಟೆಯ ಬದಲು ಗಟ್ಟಿ ಮೊಸರು 180 ಗ್ರಾಂ, ಅಡುಗೆ ಸೋಡಾ ಅರ್ಧ ಚಮಚ ಹಾಕಿ ಕಿತ್ತಳೆಗೇ ಅಂಟಿಕೊಳ್ಳುವುದು ಒಳ್ಳೆಯದು. ನಿಂಬೆಯ ಹುಳಿಯನ್ನು ಸೋಡಾ ನುಂಗಿಬಿಡುತ್ತದೆ. ಯಾವ ಕೇಕ್ ಆದರೂ ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ ಮುಚ್ಚಿ ಹೊರಗೇ ಇಡಿ, ಮೂರು ದಿನ ತಡೆಯುತ್ತದೆ. ನಿಂಬೆಯದನ್ನು ಮಾತ್ರ ಮಾಡಿದ ದಿನ ಕತ್ತರಿಸಬೇಡಿ, ಪಾಕ ಒಳಗಿಳಿಯಲು ಒಂದು ರಾತ್ರಿ ಬೇಕು.