ನಾಗದೇವಿ ಸ್ಟ್ರೀಟಿನ ನಾಲ್ಕಿಂಚಿನ ಮಾರ್ಬಲ್ ಕಟರ್: ಕೊಳ್ಳಬಹುದು, ಆದರೆ ಬ್ಲೇಡ್ ನೋಡಿಕೊಂಡು

ಮುಂಬೈಯ ಹಾರ್ಡ್‌ವೇರ್ ಪೇಟೆ ನಾಗದೇವಿ ಸ್ಟ್ರೀಟಿನಲ್ಲಿ ಟೈಲ್, ಕಲ್ಲು ಕೊಯ್ಯುವ ನಾಲ್ಕಿಂಚಿನ ಮಾರ್ಬಲ್ ಕಟರ್ ಕೇಳಿದರೆ ಸಾಮಾನ್ಯವಾಗಿ ಸಿಗುವುದು 1200ರಿಂದ 1400 ವಾಟಿನ ಮಷಿನ್. 110 ಮಿ.ಮೀ. ಬ್ಲೇಡ್, 20 ಮಿ.ಮೀ. ಬೋರ್ (ಬ್ಲೇಡಿನ ನಡುವಿನ ತೂತು), ನಿಮಿಷಕ್ಕೆ 12,000ದ ಆಸುಪಾಸು ಸುತ್ತು. ಇಲ್ಲಿಯವರು ಲಾದಿ ಅನ್ನುವ 10 ಮಿ.ಮೀ. ವಿಟ್ರಿಫೈಡ್ ಟೈಲಿಗೆ ಇಷ್ಟು ಧಾರಾಳ. ಉಳಿದ ದುಡ್ಡು ಬ್ಲೇಡಿಗೆ ಹಾಕಿ.

ಬ್ಲೇಡಿನ ಅಂಚು ಗಮನಿಸಿ. ನಡುನಡುವೆ ಸೀಳಿದ್ದರೆ ಅದು ಕಲ್ಲು, ಕಾಂಕ್ರೀಟಿನದು. ಟೈಲಿನ ಮೇಲಿನ ಹೊಳಪಿನ ಪದರವನ್ನು (ಗ್ಲೇಜ್) ಚಕ್ಕೆ ಎಬ್ಬಿಸುತ್ತದೆ. ಅಂಚು ಒಂದೇ ಸಮ ಇರುವ ಡೈಮಂಡ್ ಬ್ಲೇಡೇ ಬೇಕು, ಅದರ ಮೇಲೆ ಬರೆದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮಷಿನಿನದಕ್ಕಿಂತ ಕಡಿಮೆ ಇರಬಾರದು. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಇದಕ್ಕೆ ಎಂದೂ ಹಾಕಬೇಡಿ. ಹಲ್ಲು ಸಿಕ್ಕಿಕೊಂಡರೆ ಮಷಿನ್ ಮೈಮೇಲೇ ಎಗರುತ್ತದೆ.

ಗಟ್ಟಿ ಟೈಲ್ ಕೊಯ್ಯುತ್ತ ಬ್ಲೇಡ್ ನುಣುಪಾಗಿ, ಕಿಡಿ ಹೆಚ್ಚಾಗಿ, ಕೊರೆತ ನಿಂತಂತಾಗುತ್ತದೆ. ಆಗ ಒತ್ತಿದರೆ ಬ್ಲೇಡ್ ಕಾದು ಡೊಂಕಾಗುತ್ತದೆ. ಮರಳು ಹೆಚ್ಚಿರುವ ಸಿಮೆಂಟ್ ಬ್ಲಾಕಿನಲ್ಲಿ ನಾಲ್ಕಾರು ಗೆರೆ ಎಳೆಯಿರಿ, ಹೊಸ ವಜ್ರದ ಕಣ ಮೇಲೆ ಬರುತ್ತದೆ.

ಎಲ್ ಆಕಾರದ ಕಟ್ಟಿಂಗಿನಲ್ಲೇ ಟೈಲ್ ಹೆಚ್ಚು ಹಾಳಾಗುವುದು. ಒಳಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಸೇರಿ ಓರೆಯಾಗಿ ಬಿರುಕು ಬಿಡುತ್ತದೆ. ಮೊದಲು ಆ ಮೂಲೆಯಲ್ಲಿ 6 ಮಿ.ಮೀ. ಡೈಮಂಡ್ ಬಿಟ್ಟಿನಿಂದ ತೂತು ಹೊಡೆಯಿರಿ. ನಂತರ ಎರಡೂ ಕಡೆಯಿಂದ ಮೊದಲ ಸಲ 2–3 ಮಿ.ಮೀ. ಆಳಕ್ಕೆ, ಎರಡನೇ ಸಲ ಪೂರ್ತಿ, ತೂತಿನವರೆಗಷ್ಟೇ ಕೊಯ್ಯಿರಿ.

ನೀರಿನ ಕೊಳವೆ ಇರುವ ಮಾದರಿಯನ್ನೇ ಕೇಳಿ. ಒಣ ಕೊಯ್ತದ ದೂಳಿನಲ್ಲಿ ಸಿಲಿಕಾ ಇದೆ. ಅದರಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ವಾಸಿಯಾಗುವುದಿಲ್ಲ. ಬಾಯಿಗೆ ಕಟ್ಟುವ ಕರ್ಚೀಫು ಆ ದೂಳನ್ನು ತಡೆಯದು, ಎನ್95 ಮಾಸ್ಕೇ ಬೇಕು. ಆದರೆ ನೀರು ಬಂದಲ್ಲಿ ಕರೆಂಟಿನ ಭಯವೂ ಬಂತು. ಈ ಮಷಿನ್‌ಗಳು ಹೆಚ್ಚಾಗಿ ಎರಡೇ ಪಿನ್ನಿನವು, ಅರ್ಥಿಂಗ್ ಇರುವುದಿಲ್ಲ. ಆದ್ದರಿಂದ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಒದ್ದೆ ನೆಲದಲ್ಲಿ ಇಡಬೇಡಿ, ಕೇಬಲ್ಲನ್ನು ಬೆನ್ನ ಹಿಂದಕ್ಕೆ ಹಾಯಿಸಿ. ಗೆರೆ ಕಾಣಲಿಲ್ಲವೆಂದು ಬ್ಲೇಡ್ ಮುಚ್ಚುವ ಗಾರ್ಡ್ ಬಿಚ್ಚುವ ಅಭ್ಯಾಸ ತೀರ ಕೆಟ್ಟದ್ದು. ಸಡಿಲ ಬಟ್ಟೆಯ ಗ್ಲೌಸೂ ಬೇಡ, ದಾರ ಸಿಕ್ಕಿದರೆ ಬೆರಳು ಹೋಗುತ್ತದೆ. ಕನ್ನಡಕ ಮರೆಯಬೇಡಿ.

ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಅರ್ಧ ನಿಮಿಷ ಓಡಿಸಿ, ಬ್ಲೇಡ್ ಅಲುಗುತ್ತದೆಯೇ ನೋಡಿ. ಟೈಲಿನ ಮೇಲೆ ಕೂರುವ ಬೇಸ್ ಪ್ಲೇಟನ್ನು 45 ಡಿಗ್ರಿಗೆ ಬಾಗಿಸಿ ಬಿಗಿದು ಕೈಯಿಂದ ಒತ್ತಿ. ಜಾರಿದರೆ ಬೇರೆ ಪೀಸ್ ಕೇಳಿ. ಬಿಲ್ ಜೊತೆಗೆ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಬ್ರಷ್ಷನ್ನೂ ಒಂದು ಜೊತೆ ತಗೊಂಡುಬಿಡಿ.